ಹೇಳದೆ ಉಳಿದ ಕಥೆಯ ಕೋಪ

(ನರಸಾಪುರದಲ್ಲಿ ಓದಲು ಸಿದ್ಧಪಡಿಸಿದ ಭಾಷಣದ ಪಠ್ಯ)

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಕೋಲಾರ ಸೀಮೆಗೆ ಹೊಸದಲ್ಲ. ಈಗ ನರಸಾಪುರದ ಕಾರ್ಖಾನೆಗಳಿಗೆ ಬಂದವರ ಬಾಯಲ್ಲಿ ಇನ್ನೂ ಹಲವು ಭಾಷೆಗಳಿವೆ. ಹಾಗಾಗಿ ಎ.ಕೆ. ರಾಮಾನುಜನ್ ಅವರ ಬಾಲ್ಯ ನಿಮಗೆ ಬೇಗ ಅರ್ಥವಾದೀತು. 1929ರಲ್ಲಿ ಮೈಸೂರಿನ ಅಯ್ಯಂಗಾರ್ ಮನೆಯಲ್ಲಿ ಹುಟ್ಟಿದ ಅವರಿಗೆ ಅಡುಗೆಮನೆಯ ನುಡಿ ತಮಿಳು, ಬೀದಿಯದು ಕನ್ನಡ. ಮಹಡಿಯ ಮೇಲೆ ಗಣಿತದ ಪ್ರಾಧ್ಯಾಪಕರಾಗಿದ್ದ ತಂದೆಯೊಡನೆ ಇಂಗ್ಲಿಷ್. ಕಥೆಗಳು ಸಿಗುತ್ತಿದ್ದುದು ಮಾತ್ರ ಕೆಳಗೆ, ಮಕ್ಕಳಿಗೆ ಉಣಬಡಿಸುವ ಹೆಂಗಸರ ಬಾಯಲ್ಲಿ.

ಐವತ್ತರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಅವರು ಜನಪದ ಕಥೆಗಳನ್ನು ಸಂಗ್ರಹಿಸಿದರು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರದ ಡಿಪ್ಲೊಮಾ. 1963ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಕನ್ನಡ ವ್ಯಾಕರಣದ ಮೇಲೆ ಡಾಕ್ಟರೇಟ್. 1962ರಿಂದ ಕೊನೆಯವರೆಗೂ ಷಿಕಾಗೊದಲ್ಲೇ ಕೆಲಸ.

ವ್ಯಾಕರಣಕ್ಕೂ ಅಜ್ಜಿಕಥೆಗೂ ಏನು ನಂಟು? ಮೈಸೂರಿನವರು 'ಹೋಗ್ತಾನೆ' ಎಂದರೆ ಧಾರವಾಡದವರು 'ಹೋಗ್ತಾನ' ಎನ್ನುತ್ತಾರೆ. ಭಾಷಾಶಾಸ್ತ್ರಜ್ಞ ಒಂದನ್ನು ಸರಿ, ಇನ್ನೊಂದನ್ನು ತಪ್ಪು ಎನ್ನುವುದಿಲ್ಲ. ರಾಮಾನುಜನ್ ಕಥೆಯನ್ನೂ ಹಾಗೆಯೇ ಕಂಡರು. ರಾಮಾಯಣದ ಹಲವು ಪಾಠಗಳ ಬಗ್ಗೆ ಅವರು ಬರೆದ ಪ್ರಬಂಧವನ್ನು ದೆಹಲಿ ವಿಶ್ವವಿದ್ಯಾಲಯ 2011ರಲ್ಲಿ ಪಠ್ಯದಿಂದ ಕೈಬಿಟ್ಟಿತು. ಅಜ್ಜಿಯರಿಗಿದ್ದ ಔದಾರ್ಯ ವಿದ್ವತ್ ಮಂಡಳಿಗೆ ಇರಲಿಲ್ಲ ಎನ್ನಬೇಕಷ್ಟೆ.

ಅವರ ಸಂಗ್ರಹದ ಒಂದು ಕನ್ನಡ ಕಥೆ ಕೇಳಿ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಉಸಿರುಗಟ್ಟಿದ ಅವು, ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆ ಬಾಗಿಲಲ್ಲಿ ಗಂಡಸಿನ ಜೋಡಾಯಿತು, ಹಾಡು ಗೂಟದಲ್ಲಿ ತೂಗುವ ಕೋಟಾಯಿತು. ಗಂಡ ಬಂದ, 'ಯಾರದು?' ಎಂದ. ಅವಳಿಗೇನು ಗೊತ್ತು? ಜಗಳವಾಗಿ ಅವನು ಹನುಮಂತನ ಗುಡಿಗೆ ಮಲಗಲು ಹೋದ. ರಾತ್ರಿ ಊರ ಮನೆಗಳಲ್ಲಿ ಆರಿಸಿದ ದೀಪದ ಕುಡಿಗಳೆಲ್ಲ ಅಲ್ಲಿ ಸೇರಿ ಹರಟುತ್ತಿದ್ದವು. ತಡವಾಗಿ ಬಂದ ಅವನ ಮನೆಯ ಕುಡಿ ನಡೆದದ್ದನ್ನು ಹೇಳಿತು. ಬೆಳಗ್ಗೆ ಅವನು ಮನೆಗೆ ಬಂದು ಆ ಕಥೆ, ಆ ಹಾಡು ಯಾವುದೆಂದು ಕೇಳಿದರೆ, 'ಯಾವ ಕಥೆ, ಯಾವ ಹಾಡು?' ಎಂದಳು. ಅವಳಿಗೆ ಎರಡೂ ಮರೆತಿದ್ದವು.

ಭಾರತದ 22 ಭಾಷೆಗಳ ಕಥೆಗಳನ್ನು ಆಯ್ದು ಅವರು 1991ರಲ್ಲಿ ಪುಸ್ತಕ ತಂದರು. ಕನ್ನಡದ ಕಥೆಗಳ ಸಂಪುಟ ಅಚ್ಚಾಗುವ ಮುನ್ನವೇ, 1993ರ ಜುಲೈನಲ್ಲಿ ತೀರಿಕೊಂಡರು. ಅದನ್ನು ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಅಲನ್ ಡಂಡೆಸ್ ಸಂಪಾದಿಸಿ 1997ರಲ್ಲಿ ಹೊರತಂದರು, ಇಂಗ್ಲಿಷಿನಲ್ಲಿ. ಹೂವಿನ ಮರವಾಗುವ ಹುಡುಗಿಯ ಕಥೆ ಅದರಲ್ಲಿದೆ. 2006ರಲ್ಲಿ ವಿಯೆನ್ನಾದಲ್ಲಿ ಅದು ಜಾನ್ ಆಡಮ್ಸ್ ಅವರ ಸಂಗೀತ ನಾಟಕವಾಗಿ ರಂಗವೇರಿತು.