ಕಿರುಸಂಕದ ಸವಾರಿಗೆ ಜಾಗ ಎಲ್ಲಿ?



ಮಲೆನಾಡಿನವರಿಗೆ ಸಂಕವೆಂದರೆ ವಿವರಿಸಿ ಹೇಳಬೇಕಾದ ವಸ್ತುವಲ್ಲ. ಹಳ್ಳದ ಈ ದಂಡೆಯಿಂದ ಆ ದಂಡೆಗೆ ಎರಡೋ ಮೂರೋ ಅಡಿಕೆ ಮರಗಳನ್ನು ಹಾಸಿ, ಕೈಯಾಸರೆಗೆ ಒಂದು ಬಿದಿರು ಕಟ್ಟಿದರೆ ಅದೇ ಕಾಲುಸಂಕ. ಮಳೆಗಾಲದಲ್ಲಿ ಪಾಚಿಗಟ್ಟಿದ ಈ ಮರಗಳ ಮೇಲೆ ಹೆಜ್ಜೆಯಿಟ್ಟೇ ಎಷ್ಟೋ ಹಳ್ಳಿಗಳ ಮಕ್ಕಳು ಶಾಲೆಗೆ ಹೋಗಿಬರುತ್ತಾರೆ. 2022ರ ಆಗಸ್ಟ್ ತಿಂಗಳಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದುದನ್ನು ಈ ಭಾಗದ ಜನ ಮರೆತಿರಲಾರರು. ಇಂತಹ ನಾಡಿನಲ್ಲಿ, ಕಿರಿದಾದ ಮರದ ತೊಲೆಯ ಮೇಲೆ ಬೇಕೆಂದೇ ಸೈಕಲ್ ಓಡಿಸುವುದೂ ಒಂದು ಕ್ರೀಡೆಯೆಂದರೆ ಹಿರಿಯರಿಗೆ ವಿಚಿತ್ರವೆನಿಸುವುದು ಸಹಜವೇ. ಆದರೂ ಅಂತಹ ಕ್ರೀಡೆಯೊಂದು ಇದೆ. ಪರದೇಶದ ಸವಾರರು ಕಾಡಿನ ನಡುವೆ ಒಂದು ಗೇಣು ಅಗಲದ ಮರದ ಮೇಲೆ ಸಾಗುವ ದೃಶ್ಯವನ್ನು ಮೊಬೈಲಿನಲ್ಲಿ ನೋಡಿದ ತರುಣರು ಮೊದಲು ಕಣ್ಣು ಹಾಯಿಸುವುದು ಮನೆಯ ಹಿಂದಿನ ಗುಡ್ಡದ ಕಡೆಗೆ. ಅಭ್ಯಾಸಕ್ಕೆ ಜಾಗ ಎಲ್ಲಿ ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಯೇ. ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟುಕೊಂಡರೆ ಅದರ ಬೆಲೆಯನ್ನು ತೆರಬೇಕಾದುದು ಗುಡ್ಡ.

ಈ ಕ್ರೀಡೆಯ ತವರು ಕೆನಡಾದ ಪಶ್ಚಿಮ ಕರಾವಳಿ. ವ್ಯಾಂಕೂವರ್ ನಗರದ ಉತ್ತರಕ್ಕೆ, ಕಡಲಿನ ಕಿರುಚಾಚಿನಾಚೆ, ಸೈಪ್ರೆಸ್, ಫ್ರೋಮ್, ಸೀಮೋರ್ ಎಂಬ ಮೂರು ಬೆಟ್ಟಗಳಿವೆ. ಈ ಸೀಮೆಯನ್ನು ನಾರ್ತ್ ಶೋರ್ ಎಂದು ಕರೆಯುತ್ತಾರೆ. ಅಲ್ಲಿನ ಇಳಿಜಾರುಗಳಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅದರ ಬಹುಪಾಲು ಸುರಿಯುವುದು ಚಳಿಗಾಲದಲ್ಲಿ. ಕೆಂಪು ಸೀಡರ್, ಹೆಮ್ಲಾಕ್ ಮರಗಳ ದಟ್ಟ ಕಾಡು, ಕಪ್ಪು ಮಣ್ಣು, ಹಾವಿನಂತೆ ಹೊರಚಾಚಿದ ಬೇರುಗಳು. 1980ರ ದಶಕದಲ್ಲಿ ಗುಡ್ಡದ ಸೈಕಲ್ಲುಗಳು ಬಳಕೆಗೆ ಬಂದಾಗ ಅಲ್ಲಿನ ಸವಾರರು ಈ ಕಾಡಿನಲ್ಲಿ ತಾವೇ ಹಾದಿ ಮಾಡಿಕೊಂಡರು. ಹಾದಿ ಜೌಗಿಗೆ ಬಂದಲ್ಲಿ ಚಕ್ರ ಹೂತುಹೋಗುತ್ತಿತ್ತು, ಮಣ್ಣು ಕಲಸಿ ಕೆಸರಾಗುತ್ತಿತ್ತು. ಅದಕ್ಕೊಂದು ಉಪಾಯ ಕಂಡುಕೊಂಡರು: ಬಿದ್ದ ಸೀಡರ್ ಮರವನ್ನು ಸೀಳಿ, ಎರಡು ಉದ್ದ ತೊಲೆಗಳ ಮೇಲೆ ಅಡ್ಡಪಟ್ಟಿಗಳನ್ನು ಬಡಿದು, ಏಣಿಯನ್ನು ಮಲಗಿಸಿದಂತಹ ಒಂದು ಸಂಕ. ಸೀಡರ್ ಬೇಗ ಕೊಳೆಯುವ ಮರವಲ್ಲ, ನೇರವಾಗಿ ಸೀಳಿಕೊಳ್ಳುತ್ತದೆ. ಚಕ್ರ ಮರದ ಮೇಲೆ, ಜೌಗು ಕೆಳಗೆ. ಹೀಗೆ ಮರ ಹಾಸಿದ್ದು ನೆಲವನ್ನು ಉಳಿಸುವುದಕ್ಕೆ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಬಳಿಕ ಸಾಧನವೇ ಆಟವಾಯಿತು. ಟಾಡ್ ಫಿಯಾಂಡರ್ ಎಂಬ ಹಾದಿಗಾರ ಫ್ರೋಮ್ ಬೆಟ್ಟದಲ್ಲಿ ಸಂಕಗಳನ್ನು ಕಟ್ಟಿದ್ದಲ್ಲದೆ ಅವುಗಳ ಮೇಲಿನ ಸವಾರಿಯ ಚಿತ್ರಗಳನ್ನೂ ತೆಗೆದು ಹಂಚಿದನು. ಡ್ಯಾನ್ ಕೋವನ್ ಎಂಬಾತ ಕಟ್ಟಿದ ಫ್ಲೈಯಿಂಗ್ ಸರ್ಕಸ್ ಎಂಬ ಹಾದಿ, ನೆಲದಿಂದ ಬಲು ಎತ್ತರದಲ್ಲಿ ಸಾಗುವ ತೆಳು ತೊಲೆಗಳಿಗಾಗಿಯೇ ಹೆಸರಾಯಿತು. ಇಂತಹ ತೆಳು ತೊಲೆಗೆ ಸವಾರರು ಇಟ್ಟ ಹೆಸರು ಸ್ಕಿನ್ನಿ. ಅಗಲ ಕುಗ್ಗಿದಷ್ಟೂ ಎತ್ತರ ಹಿಗ್ಗಿದಷ್ಟೂ ಕೀರ್ತಿ. ಮೂಳೆ ಮುರಿದುಕೊಂಡವರು ಹಲವರು.

ಆದರೆ ಆ ಬೆಟ್ಟಗಳು ಸವಾರರ ಸ್ವತ್ತೇನೂ ಆಗಿರಲಿಲ್ಲ. ಫ್ರೋಮ್ ಬೆಟ್ಟದ ಬಹುಭಾಗ ಸ್ಥಳೀಯ ಆಡಳಿತದ್ದು. ಸೈಪ್ರೆಸ್‌ನಲ್ಲಿ ಹಾದಿಗಳಿದ್ದ ನೆಲದಲ್ಲಿ ಖಾಸಗಿ ಕಂಪನಿಯ ಪಾಲು ದೊಡ್ಡದು. ಅದಕ್ಕೂ ಹಿಂದಿನಿಂದ ಆ ನಾಡು ಸ್ಕ್ವಾಮಿಶ್, ಸ್ಲೇಲ್-ವಾಟುತ್ ಮೊದಲಾದ ಮೂಲನಿವಾಸಿಗಳ ನೆಲೆ. ಹಾದಿ ಕಡಿದವರು ಇವರಾರನ್ನೂ ಕೇಳಿ ಕಡಿದವರಲ್ಲ. ಸವೆದ ಮಣ್ಣು, ಅಪಘಾತದ ಹೊಣೆ, ಕಾಲ್ನಡಿಗೆಯವರ ದೂರು ಇವೆಲ್ಲ ಸೇರಿ ಹಾದಿಗಳನ್ನೇ ಮುಚ್ಚಿಸಬೇಕೆಂಬ ಮಾತು ಎದ್ದಿತು. 1997ರಲ್ಲಿ ಸವಾರರು ನಾರ್ತ್ ಶೋರ್ ಮೌಂಟನ್ ಬೈಕ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿಕೊಂಡು ಭೂಮಾಲೀಕರೊಡನೆ ಮಾತುಕತೆಗೆ ಕುಳಿತರು. 2011ರಲ್ಲಿ ಈ ಸಂಘ ಹಾದಿಯನ್ನು ದತ್ತು ಪಡೆಯುವ ಯೋಜನೆಯೊಂದನ್ನು ಆರಂಭಿಸಿತು: ಒಂದು ಅಂಗಡಿಯೋ ಗೆಳೆಯರ ಗುಂಪೋ ಒಂದು ಹಾದಿಯ ಹೊಣೆ ಹೊತ್ತು, ಹಣ ಕೊಟ್ಟು, ಗುದ್ದಲಿ ಹಿಡಿದು ದುಡಿಯುವುದು. ಹಳೆಯ ಎತ್ತರದ ತೊಲೆಗಳು ಹಲವು ಕೊಳೆತುಹೋದವು, ಹಲವನ್ನು ಕಿತ್ತುಹಾಕಲಾಯಿತು. ಈಗ ಅಲ್ಲಿ ಹೆಚ್ಚಿನ ದುಡಿಮೆ ಕಲ್ಲು ಹಾಸುವುದು, ನೀರಿಗೆ ದಾರಿ ಬಿಡಿಸುವುದು. ಮರ ಮತ್ತೆ ತನ್ನ ಮೊದಲ ಕೆಲಸಕ್ಕೆ, ಅಂದರೆ ಜೌಗನ್ನು ದಾಟಿಸುವುದಕ್ಕೆ ಮರಳಿದೆ. ಇಷ್ಟು ತಿಳಿಯಲು ಒಂದು ತಲೆಮಾರೇ ಬೇಕಾಯಿತು.

ಬಿದ್ದ ಮರದ ಮೇಲೆ ಸೈಕಲ್ ಓಡಿಸಿದರೆ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಬಿದ್ದ ಮರ ಸತ್ತ ಮರವೆಂಬ ಭಾವನೆಯೇ ಸರಿಯಲ್ಲ. ಅದೇ ಕೆನಡಾದ ಕಾಡಿನಲ್ಲಿ ಹೆಮ್ಲಾಕ್ ಸಸಿಗಳು ನೆಲಕ್ಕಿಂತ ಹೆಚ್ಚಾಗಿ ಕೊಳೆಯುತ್ತಿರುವ ದಿಮ್ಮಿಗಳ ಮೇಲೆ ಮೊಳೆಯುತ್ತವೆ. ಅವುಗಳಿಗೆ ದಾದಿದಿಮ್ಮಿ ಎಂಬರ್ಥದ ಹೆಸರೇ ಇದೆ. ಪಶ್ಚಿಮಘಟ್ಟದ ಕಾಡಿನಲ್ಲಿಯೂ ದಿಮ್ಮಿಯೊಂದನ್ನು ಮಗುಚಿ ನೋಡಿದರೆ ಅಣಬೆ, ಗೆದ್ದಲು, ದುಂಬಿಯ ಮರಿಹುಳು, ಶತಪದಿ, ಒಮ್ಮೊಮ್ಮೆ ಕಪ್ಪೆಗಳೂ ಕಾಣಸಿಗುತ್ತವೆ. ಮೇಲ್ಮೈಯ ತೊಗಟೆ ಮತ್ತು ಹಾವಸೆಯನ್ನು ಟಯರಿನ ಗುಬುಟುಗಳು ಒಂದೇ ಭಾನುವಾರದಲ್ಲಿ ಕೆರೆದು ತೆಗೆಯಬಲ್ಲವು. ಇನ್ನು ಗುಡ್ಡದ ಹುಲ್ಲುಗಾವಲಿನ ಇಳಿಜಾರಿನಲ್ಲಿ ಬಿದ್ದ ಚಕ್ರದ ಗೀರು ಮಳೆಗಾಲಕ್ಕೆ ನೀರಿನ ಕಾಲುವೆಯಾಗುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಂತಹ ಸೀಮೆಯಲ್ಲಿ ಅದು ಕೊರಕಲಾಗಲು ಬಹುಕಾಲ ಬೇಕಿಲ್ಲ. ಕಾನೂನಿನ ಮಾತೂ ಇದೆ. ಕುದುರೆಮುಖ, ಸೋಮೇಶ್ವರ, ಮೂಕಾಂಬಿಕಾ, ಪುಷ್ಪಗಿರಿಯಂತಹ ರಕ್ಷಿತ ಪ್ರದೇಶಗಳೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ. ಮೀಸಲು ಅರಣ್ಯಕ್ಕೆ ರಾಜ್ಯದ 1963ರ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ತೊಲೆ ಕಟ್ಟುವುದಂತೂ ದೂರದ ಮಾತು.

ಹಾಗಾದರೆ ಅಭ್ಯಾಸ ಎಲ್ಲಿ? ಉತ್ತರಕ್ಕೆ ಮೊದಲು ಈ ಸವಾರಿಯ ಕಷ್ಟ ಯಾವುದೆಂದು ತಿಳಿಯಬೇಕು. ಸೈಕಲ್ ಎಡಕ್ಕೆ ವಾಲಿದರೆ ಸವಾರ ತನಗರಿವಿಲ್ಲದೆಯೇ ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತಾನೆ. ಚಕ್ರಗಳು ಮೈಭಾರದ ಅಡಿಗೆ ಬಂದು ಸೈಕಲ್ ನೇರವಾಗುತ್ತದೆ. ರಸ್ತೆಯಲ್ಲಿ ಎಲ್ಲರೂ ಸಣ್ಣದಾಗಿ ಹಾವಾಡುತ್ತಲೇ ಸಾಗುವುದು. ಗುಡ್ಡದ ಸೈಕಲ್ಲಿನ ಟಯರಿನ ಅಗಲ ಸುಮಾರು 6 ಸೆಂಟಿಮೀಟರ್. ತೊಲೆಯ ಅಗಲ 10 ಸೆಂಟಿಮೀಟರಾದರೆ ಎರಡೂ ಬದಿಗೆ ಉಳಿಯುವುದು ಎರಡೆರಡೇ ಸೆಂಟಿಮೀಟರ್. ಹಾವಾಡಲು ಅಲ್ಲಿ ಜಾಗವಿಲ್ಲ. ಆದುದರಿಂದ ಸಮತೋಲವನ್ನು ಹ್ಯಾಂಡಲಿನಿಂದಲ್ಲ, ಸೊಂಟ ಮೊಣಕಾಲುಗಳಿಂದ ಕಾಯ್ದುಕೊಳ್ಳಬೇಕಾಗುತ್ತದೆ. ಕಲಿಯಬೇಕಾದ ಇತರ ಸಂಗತಿಗಳು ಮೂರೋ ನಾಲ್ಕೋ: ದೃಷ್ಟಿ ಮುಂಚಕ್ರದ ಮೇಲಿರದೆ ತೊಲೆಯ ಕೊನೆಯಲ್ಲಿರಬೇಕು, ವೇಗ ಚುರುಕಾಗಿ ನಡೆಯುವವನ ವೇಗದಷ್ಟಿರಬೇಕು, ಪೆಡಲ್ ಎಡೆಬಿಡದೆ ತುಳಿಯುತ್ತಾ ಹಿಂದಿನ ಬ್ರೇಕನ್ನು ಮೃದುವಾಗಿ ಹಿಡಿದಿರಬೇಕು. ಸೀಟು ತಗ್ಗಿಸಿದ್ದರೆ ಕಾಲು ನೆಲಕ್ಕಿಡುವುದು ಸುಲಭ.

ಇವುಗಳಲ್ಲಿ ಯಾವುದಕ್ಕೂ ಎತ್ತರ ಬೇಕಿಲ್ಲ, ಕಾಡೂ ಬೇಕಿಲ್ಲ. ವ್ಯಾಯಾಮಪಟುಗಳು ನಡೆಯುವ ತೊಲೆಯೂ 10 ಸೆಂಟಿಮೀಟರ್ ಅಗಲದ್ದೇ, ನೆಲದಿಂದ 125 ಸೆಂಟಿಮೀಟರ್ ಎತ್ತರದ್ದು. ಅವರು ಕಲಿಕೆಯನ್ನು ಆರಂಭಿಸುವುದು ನೆಲದ ಮೇಲೆ ಎಳೆದ ಗೆರೆಯಿಂದ. ಸ್ಕಾಟ್ಲೆಂಡಿನ ಡ್ಯಾನಿ ಮೆಕಾಸ್ಕಿಲ್ ಎಂಬ ತರುಣ ಸೈಕಲ್ ಅಂಗಡಿಯಲ್ಲಿ ರಿಪೇರಿ ಕೆಲಸ ಮಾಡಿಕೊಂಡಿದ್ದವನು. 2009ರಲ್ಲಿ ಎಡಿನ್‌ಬರೋ ನಗರದ ಕಬ್ಬಿಣದ ಬೇಲಿಯೊಂದರ ಮೇಲ್ತುದಿಯಲ್ಲಿ ಸೈಕಲ್ ಓಡಿಸಿದ ಚಿತ್ರದಿಂದ ಲೋಕಪ್ರಸಿದ್ಧನಾದನು. ಆ ಬೇಲಿಯನ್ನು ಅನುಕರಿಸಬೇಕೆಂದಲ್ಲ, ಖಂಡಿತ ಬೇಡ. ಇಂತಹ ಕೌಶಲ ಊರಿನ ಬೀದಿಯಲ್ಲಿಯೇ ಬೆಳೆಯಬಲ್ಲದು ಎಂಬುದಕ್ಕಷ್ಟೇ ಈ ಉದಾಹರಣೆ.

ಹಳ್ಳಿಯ ಹುಡುಗ ಹುಡುಗಿಯರಿಗೆ ಮನೆಯಂಗಳವೇ ಮೊದಲ ಜಾಗ. ಅಡಿಕೆ ಹರವದ ದಿನಗಳಲ್ಲಿ ಸಿಮೆಂಟಿನ ಅಂಗಳದ ಮೇಲೆ ಸುಣ್ಣದಿಂದ 30 ಸೆಂಟಿಮೀಟರ್ ಅಂತರದ ಎರಡು ಗೆರೆಗಳನ್ನೆಳೆದು ಅವುಗಳ ನಡುವೆ ಸಾಗಬೇಕು. ಹತ್ತು ಬಾರಿಗೆ ಹತ್ತೂ ಬಾರಿ ಗೆರೆ ದಾಟದಿದ್ದರೆ ಅಂತರವನ್ನು 15ಕ್ಕೆ, ಬಳಿಕ 10ಕ್ಕೆ ಇಳಿಸಬಹುದು. ಅನಂತರ ಹಲಗೆಯೊಂದನ್ನು ನೆಲಕ್ಕೇ ಹಾಸಬೇಕು. ಆಮೇಲೆ ಎರಡು ತುದಿಗಳಿಗೆ ಒಂದೊಂದು ಇಟ್ಟಿಗೆ. ಅಗಲ ತಗ್ಗಿಸುವುದು, ಎತ್ತರ ಹೆಚ್ಚಿಸುವುದು ಎರಡನ್ನೂ ಒಮ್ಮೆಗೇ ಮಾಡಬಾರದು. ಹಲಗೆಯಿಂದ ಬೇಕೆಂದೇ ಪಕ್ಕಕ್ಕೆ ಇಳಿಯುವುದನ್ನೂ ಅಭ್ಯಾಸ ಮಾಡಬೇಕು, ಏಕೆಂದರೆ ಬೀಳುವುದಕ್ಕೂ ಇಳಿಯುವುದಕ್ಕೂ ವ್ಯತ್ಯಾಸ ತುಂಬ ಇದೆ. ಎರಡೂ ಬದಿಗೆ ಕಲ್ಲು, ಬೇಲಿಗೂಟ, ಕತ್ತರಿಸಿದ ಗಿಡದ ಕೊಳೆಗಳಿರಕೂಡದು. ತಲೆಗೆ ಹೆಲ್ಮೆಟ್, ಕಾಲಿಗೆ ಬೂಟು ಬೇಕು. ಹವಾಯಿ ಚಪ್ಪಲಿಯಲ್ಲಿ ಈ ಆಟ ಕೂಡದು.

ಬಿದ್ದ ಅಡಿಕೆ ಮರವನ್ನೇ ತೊಲೆಯಾಗಿ ಬಳಸಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಅದು ದುಂಡಗಿದೆ, ಹೊರಮೈ ನುಣುಪು, ಒಳಗಿನ ತಿರುಳು ಮೆದು. ಒದ್ದೆಯಾದರೆ ಜಾರುವುದು ನಿಶ್ಚಿತ. ಬದಲಿಗೆ ಎರಡು ಗಟ್ಟಿ ಪಟ್ಟಿಗಳ ಮೇಲೆ ಅಡಿಕೆ ದಬ್ಬೆಯ ತುಂಡುಗಳನ್ನು ಬೆರಳಿನಷ್ಟು ಎಡೆಬಿಟ್ಟು ಅಡ್ಡಡ್ಡವಾಗಿ ಬಡಿದರೆ ನಾರ್ತ್ ಶೋರಿನ ಏಣಿಸಂಕವೇ ಸಿದ್ಧವಾಗುತ್ತದೆ. ಮೇಲೆ ಕೋಳಿಗೂಡಿನ ತಂತಿಬಲೆ ಹಾಸಿ ಬಡಿದರೆ ಟಯರಿಗೆ ಹಿಡಿತ ಸಿಗುತ್ತದೆ. ಅಲ್ಲಿಯವರೂ ಇದನ್ನೇ ಮಾಡಿದ್ದು. ಮೊಳೆಯ ತುದಿ ಮೇಲೆ ಚಾಚಿರದಂತೆ ನೋಡಿಕೊಳ್ಳಬೇಕು. ಅಗಲವನ್ನು ಕುರಿತು ಅಂತರರಾಷ್ಟ್ರೀಯ ಸವಾರರ ಸಂಘದ ಒಂದು ಅಳತೆಯಿದೆ: ಸುಲಭದ ಹಾದಿಯಲ್ಲಿ ಸಂಕ 36 ಅಂಗುಲಕ್ಕಿಂತ, ನಡುವಣ ಮಟ್ಟದ ಹಾದಿಯಲ್ಲಿ 24 ಅಂಗುಲಕ್ಕಿಂತ ಕಿರಿದಾಗಿರಬಾರದು. ತೆಳುತೊಲೆ ಇದ್ದರೂ ಅದರ ಪಕ್ಕದಲ್ಲಿ ಬೇಡವೆಂದವರಿಗೆ ಬೇರೆ ದಾರಿ ಇರಬೇಕೆಂಬುದು ಒಳ್ಳೆಯ ಕಟ್ಟುಗಾರರ ಪದ್ಧತಿ.

ಅಂಗಳ ಸಾಲದಾದಾಗ ಶಾಲೆಯ ಆಟದ ಬಯಲು, ಪಂಚಾಯತಿಯ ಖಾಲಿ ಜಾಗ, ತೋಟದ ಮಾಲೀಕ ಒಪ್ಪಿದ ಮೂಲೆ ಇವೆ. ನಾಲ್ಕು ಏಣಿಸಂಕಗಳನ್ನು ಜೋಡಿಸಲು ಐದಾರು ಮಾರು ಜಾಗ ಸಾಕು. ಕೇಳುವಾಗ ಬರಿಗೈಯಲ್ಲಿ ಹೋಗದೆ, ಬೇಲಿ ಸರಿಪಡಿಸುವುದು, ಕಸ ತೆಗೆಯುವುದು ಇವುಗಳ ಹೊಣೆಯನ್ನು ಮಕ್ಕಳು ತಾವೇ ಹೊತ್ತು ಬರೆದುಕೊಟ್ಟರೆ ಮುಖ್ಯೋಪಾಧ್ಯಾಯರು ಅಲ್ಲವೆನ್ನುವುದು ಕಡಿಮೆ. ಎರಡು ಜಾಗಗಳು ಮಾತ್ರ ಸರ್ವಥಾ ಬೇಡ. ಒಂದು ಗದ್ದೆಯ ಬದು. ಕೊಯ್ಲಿನ ಬಳಿಕ ಅದು ತೆಳುತೊಲೆಯಂತೆಯೇ ಕಾಣುವುದು ನಿಜ. ಆದರೆ ಏಡಿ ಕೊರೆದ ಬದುವಿನ ಅಂಚು ಚಕ್ರದ ಭಾರಕ್ಕೆ ಕುಸಿದರೆ ಮುಂದಿನ ಮಳೆಯಲ್ಲಿ ನೀರು ನಿಲ್ಲದು. ಅದನ್ನು ಕಟ್ಟಿದವನ ಬೆನ್ನುನೋವು ಸವಾರನಿಗೆ ತಿಳಿಯದು. ಇನ್ನೊಂದು ಹಳ್ಳದ ಮೇಲಿನ ಕಾಲುಸಂಕ. ಅದು ನಡೆಯುವವರದ್ದು. ಸೈಕಲ್ ಇದ್ದವನು ಅಲ್ಲಿ ಇಳಿದು, ಎದುರಿನಿಂದ ಬರುವವರಿಗೆ ಮೊದಲು ದಾರಿ ಬಿಟ್ಟು, ಸೈಕಲನ್ನು ಹೆಗಲಿಗೇರಿಸಿಕೊಂಡು ದಾಟತಕ್ಕದ್ದು.

ಜೂನ್ ಬಂದೊಡನೆ ಏಣಿಸಂಕಗಳನ್ನು ಬಿಚ್ಚಿ ಕೊಟ್ಟಿಗೆಯ ಅಟ್ಟಕ್ಕೇರಿಸಿದರೆ ದಬ್ಬೆ ಎರಡು ಮೂರು ವರ್ಷ ಬಾಳಿಕೆ ಬರುತ್ತದೆ. ಮಳೆಯ ನಾಲ್ಕು ತಿಂಗಳು ಜಗಲಿಯಲ್ಲಿ ಸೈಕಲನ್ನು ನಿಂತಲ್ಲೇ ನಿಲ್ಲಿಸುವ ಅಭ್ಯಾಸ ನಡೆಯಬಹುದು: ಮುಂಚಕ್ರವನ್ನು ಸ್ವಲ್ಪ ಓರೆಯಾಗಿಸಿ, ಬ್ರೇಕ್ ಹಿಡಿದು, ಕಾಲು ನೆಲಕ್ಕಿಡದೆ ಎಷ್ಟು ಎಣಿಸಲಾಗುತ್ತದೆಂದು ನೋಡುವುದು. ಮೊದಲ ವಾರ ಮೂರು ಎಣಿಸುವುದೇ ಕಷ್ಟವಾಗುತ್ತದೆ.