ಗಣಿಗಾರನ ಬುತ್ತಿ



ದೇಶಾಂತರಕ್ಕೆ ತೆರಳುವವರು ಹೊಲಮನೆಗಳನ್ನು ಹೊತ್ತೊಯ್ಯಲಾರರು. ನಾಲಗೆಯ ರುಚಿಯನ್ನಾದರೋ ಬಿಟ್ಟುಹೋಗಲಾರರು. ಇದಕ್ಕೆ ನಿದರ್ಶನವಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಪಶ್ಚಿಮ ವರ್ಜೀನಿಯಾದ ಒಂದು ಬುತ್ತಿಯ ವೃತ್ತಾಂತವನ್ನು ಇಂದು ನಿಮ್ಮ ಮುಂದಿಡುತ್ತೇವೆ.

ಅಪಲೇಷಿಯನ್ ಪರ್ವತಪಂಕ್ತಿಯ ನಡುವಣ ಆ ಸೀಮೆಯು ಕಲ್ಲಿದ್ದಲಿನ ಭಂಡಾರ. 19ನೆಯ ಶತಮಾನದ ಕೊನೆಯಿಂದ ಇಟಲಿಯ ಕಲಾಬ್ರಿಯಾ, ಮೊಲೀಸೆ ಮೊದಲಾದ ಪ್ರಾಂತಗಳ ಬಡವರು ಜೀವನೋಪಾಯವನ್ನರಸಿ ಅಲ್ಲಿಗೆ ಬಂದರು. ಬಿಸಿಲಿನಲ್ಲಿ ಉಳುತ್ತಿದ್ದ ಕೈಗಳು ಕತ್ತಲೆಯಲ್ಲಿ ಗುದ್ದಲಿ ಹಿಡಿದುವು. 1907ನೆಯ ಡಿಸೆಂಬರ್ 6ರಂದು ಮೊನಾಂಗಾ ಎಂಬಲ್ಲಿ ಗಣಿಯು ಸಿಡಿದು, ಸರಕಾರದ ಲೆಕ್ಕಕ್ಕೆ ಬಂದವರೇ 362 ಜನ ಮಡಿದರು. ಅವರಲ್ಲಿ ಇಟಲಿಯವರು ಬಹುಮಂದಿ. ಆ ದೇಶದ ಗಣಿಗಳ ಚರಿತ್ರೆಯಲ್ಲಿ ಇದಕ್ಕಿಂತ ಘೋರವಾದ ದುರಂತವು ಮತ್ತೊಂದಿಲ್ಲ.

ಗಣಿಯೊಳಕ್ಕೆ ಇಳಿದವನು ಊಟಕ್ಕೆಂದು ಮೇಲೆ ಬರುವಂತಿರಲಿಲ್ಲ. ಅವನ ಬುತ್ತಿಯು ಹಳಸಬಾರದು. ಬಿಸಿಮಾಡದೆ, ತಟ್ಟೆಯಿಲ್ಲದೆ, ಒಂದೇ ಕೈಯಲ್ಲಿ ಹಿಡಿದು ತಿನ್ನುವಂತಿರಬೇಕು. ಆದುದರಿಂದ ಅವನು ಒಂದು ತುಂಡು ರೊಟ್ಟಿಯನ್ನೂ ಖಾರ ಬೆರೆಸಿ ಒಣಗಿಸಿದ ಒಂದು ತುಂಡು ಮಾಂಸವನ್ನೂ ಒಯ್ಯುತ್ತಿದ್ದನು. ಇದನ್ನು ಕಂಡಿದ್ದವನು ಕಲಾಬ್ರಿಯಾದಿಂದ ಬಂದು ಮೊದಲು ಗಣಿಯಲ್ಲಿ ದುಡಿದು, ಬಳಿಕ ಫೇರ್‌ಮಾಂಟ್ ಪಟ್ಟಣದಲ್ಲಿ ರೊಟ್ಟಿಯಂಗಡಿಯನ್ನಿಟ್ಟ ಜುಸೆಪ್ಪೆ ಆರ್ಜಿರೋ. 1927ರ ಸುಮಾರಿಗೆ ಆತನು ಮಾಂಸದ ತುಂಡುಗಳನ್ನು ಹಸಿಯ ಕಣಕದೊಳಗೇ ಹುದುಗಿಸಿ ಸುಟ್ಟನು. ಒಲೆಯ ಕಾವಿಗೆ ಮಾಂಸದ ಜಿಡ್ಡು ಕರಗಿ ರೊಟ್ಟಿಯ ತಿರುಳಿಗೆ ಇಳಿದು, ಅದಕ್ಕೆ ಕೆಂಬಣ್ಣವನ್ನೂ ರುಚಿಯನ್ನೂ ಕೊಟ್ಟಿತು. ಇದೇ ಪೆಪೆರೋನಿ ರೋಲ್.

ಇಲ್ಲೊಂದು ಸ್ವಾರಸ್ಯವುಂಟು. ಇಟಲಿಯ ನುಡಿಯಲ್ಲಿ ಪೆಪೆರೋನಿ ಎಂದರೆ ದೊಣ್ಣೆಮೆಣಸಿನಕಾಯಿಗಳು. ಆ ಹೆಸರಿನ ಮಾಂಸವು ಹುಟ್ಟಿದುದು ಅಮೆರಿಕದಲ್ಲಿ, ವಲಸೆಗಾರರ ಕೈಯಲ್ಲಿ. ಇಟಲಿಗೆ ಹೋಗಿ ಈ ರೋಲನ್ನು ಕೇಳಿದರೆ ಅದು ಅಲ್ಲಿನವರಿಗೆ ಅಪರಿಚಿತ. ತವರಿನ ನೆನಪೂ ಹೊಸ ನಾಡಿನ ಅಗತ್ಯವೂ ಕೂಡಿ ಈ ತಿನಿಸನ್ನು ಹೆತ್ತುವೆಂದು ನಾವು ಭಾವಿಸುತ್ತೇವೆ.

ಕಾಲಕ್ರಮದಲ್ಲಿ ಅದು ಗಣಿಯಿಂದ ಮೇಲೆ ಬಂದು ಶಾಲೆಗೂ ಸಂತೆಗೂ ಹಬ್ಬಿತು. 2021ರಲ್ಲಿ ಪಶ್ಚಿಮ ವರ್ಜೀನಿಯಾವು ಇದನ್ನೇ ತನ್ನ ನಾಡತಿನಿಸೆಂದು ಅಂಗೀಕರಿಸಿತು. ಒಮ್ಮೆ ಪರದೇಶಿಯ ಕೂಳಾಗಿದ್ದುದು ಹೀಗೆ ನಾಡಿನ ಗುರುತಾಯಿತು. ಈ ಗೌರವವು ಆರ್ಜಿರೋವಿನ ಅಂಗಡಿಗೆ ಮಾತ್ರ ಸಲ್ಲತಕ್ಕುದಲ್ಲ. ಮುಂಜಾನೆ ಬುತ್ತಿ ಹಿಡಿದು ಕತ್ತಲೆಗಿಳಿದು, ಸಂಜೆ ಮನೆಗೆ ಮರಳದೆಹೋದವರಿಗೂ ಸಲ್ಲತಕ್ಕುದು. ಅವರನ್ನು ಮರೆತು ರುಚಿಯನ್ನು ಮಾತ್ರ ಹೊಗಳಿದರೆ ನಾವು ಅನ್ನದ ಅರ್ಧ ಕಥೆಯನ್ನಷ್ಟೇ ಬಲ್ಲವರಾಗುತ್ತೇವೆ.