ದನಿ ಕೆಟ್ಟರೆ ಗಂಟಲನ್ನಷ್ಟೇ ನೋಡಬೇಡಿ

(ಜನಕಪುರಿಯಲ್ಲಿ ಸೇರಿದ್ದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ದುಡಿಯುವ ನಮಗೆ ಕೈಕಾಲಿನಂತೆ ದನಿಯೂ ಒಂದು ಬಂಡವಾಳ. "ಎರಡು ಇಡ್ಲಿ, ಒಂದು ಮಸಾಲೆ" ಎಂದು ಅಡುಗೆಮನೆಗೆ ಕೇಳುವಂತೆ ಕೂಗಬೇಕು. ಮಿಲ್ಲಿನಲ್ಲಿ ಯಂತ್ರದ ಸದ್ದನ್ನು ಮೀರಿ ಮಾತಾಡಬೇಕು. ಬೇಡಿಕೆ ಕೇಳುವುದಕ್ಕೂ ದನಿಯೇ ಬೇಕು. ದನಿ ಕಳೆದುಕೊಂಡ ಗೆಳೆಯರೊಬ್ಬರ ವಿಷಯದಲ್ಲಿ ನಾವೆಲ್ಲ ಮಾಡಿದ ತಪ್ಪನ್ನು ಇಂದು ಒಪ್ಪಿಕೊಳ್ಳಬೇಕಾಗಿದೆ.

ಅವರು ನಮ್ಮೊಡನೆ ಸಪ್ಲೈ ಮಾಡುತ್ತಿದ್ದವರು. ಒಂದು ಚಳಿಗಾಲ ಅವರ ದನಿ ಒಡೆಯಿತು. ದಿಲ್ಲಿಯ ಚಳಿ ಎಂದೆವು. ಮೆಣಸಿನ ಕಷಾಯ ಕುಡಿಸಿದೆವು. ತಿಂಗಳು ಕಳೆದರೂ ಸರಿಹೋಗಲಿಲ್ಲ. ನೀರು ಕುಡಿದರೂ ಕೆಮ್ಮು ಬರತೊಡಗಿತು. ಕೂಗಲಾಗದವನು ಸಪ್ಲೈಗೆ ಬೇಡವೆಂದು ಮಾಲೀಕರು ಪಾತ್ರೆ ತೊಳೆಯಲು ಹಾಕಿದರು. ನಾವೂ ಸುಮ್ಮನಿದ್ದೆವು. ಮೂರು ತಿಂಗಳ ಮೇಲೆ ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಗಂಟಲು ನೋಡಿ, "ಎದೆಯ ಎಕ್ಸ್‌ರೇ ತೆಗೆಸಿ" ಎಂದರು. ಕೆಟ್ಟಿದ್ದು ದನಿ, ಎದೆಗೇನು ಸಂಬಂಧ ಎಂದು ನಾವು ಬೆರಗಾದೆವು.

ಸಂಬಂಧವಿದೆ. ಕೊರಳಿನ ಮುಂದೆ ಗಟ್ಟಿಯಾಗಿ ಕೈಗೆ ಸಿಗುವುದು ಧ್ವನಿಪೆಟ್ಟಿಗೆ. ಅದರೊಳಗೆ ಎರಡು ಧ್ವನಿತಂತುಗಳಿವೆ. ಉಸಿರಾಡುವಾಗ ಅವು ಬಾಗಿಲಿನಂತೆ ತೆರೆಯುತ್ತವೆ. ಮಾತಾಡುವಾಗ ಕೂಡಿಕೊಂಡು ಕಂಪಿಸುತ್ತವೆ. ನುಂಗುವಾಗ ಬಿಗಿಯಾಗಿ ಮುಚ್ಚಿ ಶ್ವಾಸಕೋಶವನ್ನು ಕಾಯುತ್ತವೆ. ಇವನ್ನು ಆಡಿಸುವ ನರಗಳು ತಲೆಬುರುಡೆಯಿಂದ ಇಳಿಯುವ ವೇಗಸ್ ಎಂಬ ದೊಡ್ಡ ನರದ ಕವಲುಗಳು.

ಮೊದಲ ಕವಲು ಕೊರಳಿನ ಮೇಲ್ಭಾಗದಲ್ಲೇ ಒಡೆಯುತ್ತದೆ. ಅದರ ಒಂದು ಎಳೆ ಕಾವಲುಗಾರ. ಅನ್ನದ ಅಗುಳು ದಾರಿ ತಪ್ಪಿದರೆ ಕೆಮ್ಮಿಸುವುದು ಅದೇ. ಇನ್ನೊಂದು ಎಳೆ ತಂತುಗಳನ್ನು ಬಿಗಿದು ದನಿಯನ್ನು ಏರಿಸುತ್ತದೆ. ಯಕ್ಷಗಾನದ ಭಾಗವತರು ಏರುದನಿಯಲ್ಲಿ ಹಾಡುವುದು ಇದರ ಬಲದಿಂದ.

ತಂತುಗಳನ್ನು ತೆರೆದು ಮುಚ್ಚುವುದು ಎರಡನೆಯ ಕವಲು. ಇದರ ದಾರಿಯೇ ವಿಚಿತ್ರ. ಎಡಗಡೆಯ ನರ ಧ್ವನಿಪೆಟ್ಟಿಗೆಯನ್ನು ದಾಟಿ ಎದೆಯೊಳಕ್ಕೆ ಇಳಿಯುತ್ತದೆ. ಹೃದಯದಿಂದ ಹೊರಡುವ ಮಹಾಧಮನಿಯ ಕೆಳಗೆ ಸುತ್ತು ಹಾಕಿ, ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಿನ ಸಂದಿಯಲ್ಲಿ ಮತ್ತೆ ಮೇಲೇರುತ್ತದೆ. ಬಲಗಡೆಯದು ಕೊರಳಿನ ಬುಡದಲ್ಲೇ, ಬಲಗೈಗೆ ಹೋಗುವ ರಕ್ತನಾಳವನ್ನು ಸುತ್ತಿ ಹಿಂದಿರುಗುತ್ತದೆ.

ಇದು ಹಳೆಯ ತಿಳಿವಳಿಕೆ. ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಗೇಲನ್ ಎಂಬ ವೈದ್ಯ, ಅರಚುತ್ತಿದ್ದ ಹಂದಿಯ ಈ ನರಗಳನ್ನು ದಾರದಿಂದ ಬಿಗಿದು ತೋರಿಸಿದ. ಹಂದಿ ಒದ್ದಾಡುತ್ತಲೇ ಇತ್ತು, ದನಿ ಮಾತ್ರ ನಿಂತಿತು.

ಗಲ್ಲಾಪೆಟ್ಟಿಗೆಯ ಮೇಲಿನ ಬಲ್ಬಿಗೆ ತಂತಿ ಅಡುಗೆಮನೆಯನ್ನು ಬಳಸಿ ಬಂದಿದೆ ಎನ್ನಿ. ತಂತಿ ಅಲ್ಲಿ ಕೆಟ್ಟಿದ್ದರೆ, ಇಲ್ಲಿ ಬಲ್ಬು ತಿರುಗಿಸಿ ಏನು ಫಲ? ಹಾಗೆಯೇ ಶ್ವಾಸಕೋಶದ ಗಡ್ಡೆ, ಮಹಾಧಮನಿಯ ಉಬ್ಬು, ಥೈರಾಯಿಡ್ ಗಡ್ಡೆ, ಇವುಗಳಲ್ಲಿ ಯಾವುದು ಆ ನರವನ್ನು ಅದುಮಿದರೂ ದನಿ ಕೆಡುತ್ತದೆ. ನಮ್ಮ ಗೆಳೆಯರ ಎದೆಯಲ್ಲಿ ಕ್ಷಯದ ಗಂಟುಗಳಿದ್ದವು. ಔಷಧದಿಂದ ಕ್ಷಯ ವಾಸಿಯಾಯಿತು. ದನಿ ಅರ್ಧ ಮಾತ್ರ ಮರಳಿತು. ಮೂರು ತಿಂಗಳು ಮೊದಲೇ ಹೋಗಿದ್ದರೆ ಎಂಬ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತಿದೆ.

ಹಾಗೆಂದು ದನಿ ಒಡೆದಾಗಲೆಲ್ಲ ಹೆದರಬೇಕಿಲ್ಲ. ನೆಗಡಿಯಿಂದಲೋ ಕೂಗಿದ್ದರಿಂದಲೋ ಕೆಟ್ಟ ದನಿ ಸಾಮಾನ್ಯವಾಗಿ ಒಂದೆರಡು ವಾರಗಳ ವಿಶ್ರಾಂತಿಯಲ್ಲಿ ಸರಿಹೋಗುತ್ತದೆ. ಮೂರು ವಾರ ದಾಟಿದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಲೇಬೇಕು. ಬೀಡಿ, ತಂಬಾಕಿನವರು ಇನ್ನೂ ಎಚ್ಚರವಾಗಿರಬೇಕು. ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೂ ಮೊದಲ ಗುರುತು ಒಡೆದ ದನಿಯೇ. ಕೊರಳಲ್ಲಿ ಗಂಟು, ಕಫದಲ್ಲಿ ರಕ್ತ, ನುಂಗಲು ಕಷ್ಟ ಕಂಡರೆ ಮೂರು ವಾರ ಕಾಯುವಂತಿಲ್ಲ. ಉಸಿರಾಡುವಾಗ ಸೀಟಿಯಂಥ ಸದ್ದು ಬಂದರೆ ಆ ಗಳಿಗೆಯೇ ಹೊರಡಿ. ಪರೀಕ್ಷೆಗೆ ಹೆದರಬೇಡಿ, ಕನ್ನಡಿ ಅಥವಾ ಸಣ್ಣ ಕ್ಯಾಮೆರಾದಿಂದ ತಂತುಗಳನ್ನು ನೋಡಲು ಕೆಲವೇ ನಿಮಿಷ ಸಾಕು.

ನಮಗೆ ಹತ್ತಿರದಲ್ಲೇ ಹರಿನಗರದ ದೀನದಯಾಳ್ ಆಸ್ಪತ್ರೆ ಇದೆ. ವಿಮೆ ಇರುವವರಿಗೆ ಬಸಾಯಿದಾರಾಪುರದ ಇ.ಎಸ್.ಐ. ಆಸ್ಪತ್ರೆ ಇದೆ. ಭಾಷೆ ಬಾರದೆಂದು ಹಿಂಜರಿಯಬೇಡಿ, ಸಂಘದವರು ಜೊತೆಗೆ ಬರುತ್ತೇವೆ. ನಿಮ್ಮ ಪಕ್ಕದಲ್ಲಿ ದುಡಿಯುವವರ ದನಿ ಕೆಟ್ಟು ಮೂರು ವಾರವಾಗಿದ್ದರೆ, ನಾಳೆಯೇ ನಮಗೆ ತಿಳಿಸಿ. ಅವರಿಗೆ ಕೂಗಿ ಹೇಳಲಾಗುವುದಿಲ್ಲ. ಅವರ ಪರವಾಗಿ ಹೇಳಬೇಕಾದವರು ನಾವು.